ಬರಿ ಕೈ ಎಂಬ ಚೀಟಿ

ಆಸ್ಪತ್ರೆಯ ಮಕ್ಕಳ ವಿಭಾಗದ ಗೋಡೆಗೆ ಚಿತ್ರ ಬರೆಯುವ ಕೆಲಸವನ್ನು ನನ್ನ ತಂಗಿ ಒಪ್ಪಿಕೊಂಡು ಐದು ವಾರಗಳಾಗಿದ್ದವು. ಗೋಡೆಯ ಮೇಲೆ ಒಂದು ಗೆರೆಯೂ ಮೂಡಿರಲಿಲ್ಲ. ಅವಳು ಮೊದಲು ತಂದ ನಕ್ಷೆಯನ್ನು ಕಂಡು ಮೇಲ್ವಿಚಾರಕರು, "ಇಂಥದ್ದು ಕ್ಯಾಲೆಂಡರ್‌ನಲ್ಲಿ ಬೇಕಾದಷ್ಟು ಸಿಗುತ್ತಮ್ಮ" ಎಂದು ಎಲ್ಲರೆದುರು ನಕ್ಕಿದ್ದರು. ಆ ನಗು ಅವಳ ಕೈಯನ್ನೇ ಕಟ್ಟಿಹಾಕಿತು. ಒಬ್ಬರ ಕೆಲಸವನ್ನು ನಕ್ಕು ನಿಲ್ಲಿಸುವುದು ಕಳ್ಳತನಕ್ಕಿಂತ ಕಡಿಮೆಯ ಅಪರಾಧವೇನಲ್ಲ. ಸಾಲದೆಂಬಂತೆ, ಶನಿವಾರದೊಳಗೆ ಚಿತ್ರವಾಗದಿದ್ದರೆ ಗೋಡೆಯನ್ನು ಸಾಬೂನಿನ ಜಾಹೀರಾತಿಗೆ ಕೊಡುವುದಾಗಿಯೂ ತಿಳಿಸಿದರು. ಸೂಜಿಗೆ ಹೆದರಿ ಸಾಲಿನಲ್ಲಿ ಕೂತ ಮಕ್ಕಳು ನೋಡಬೇಕಾದದ್ದು ಸಾಬೂನು! ಹಾಗೆನ್ನಲು ಅವರಿಗೆ ಬಾಯಾದರೂ ಹೇಗೆ ಬಂತು?

"ಆಗದಿದ್ರೆ ಕುಂಚಗಳನ್ನೆಲ್ಲ ಯಾರಿಗಾದ್ರೂ ಕೊಟ್ಬಿಡ್ತೀನಕ್ಕ" ಎಂದಳು ತಂಗಿ, ಗುರುವಾರ. ಅಂಥ ಮಾತನ್ನು ತಮಾಷೆಗೆ ಆಡುವವಳಲ್ಲ ಅವಳು.

ನನ್ನ ಮನೆಯವರು ವಾದ್ಯವೃಂದದಲ್ಲಿ ಡೋಲು ಬಾರಿಸುವವರು. ಶಿಷ್ಯರ ಕೈ ಜಡವಾದಾಗ ಅವರು ಆಡಿಸುವ ಆಟವೊಂದಿತ್ತು: ಬಿಸ್ಕತ್ತಿನ ಡಬ್ಬಿಯ ತುಂಬ ಚೀಟಿ, ಚೀಟಿಯಲ್ಲಿ ಯಾವುದೋ ಒಂದು ಕಲೆಯ ಕೆಲಸ. ಶುಕ್ರವಾರ ಬೆಳಿಗ್ಗೆ ಆ ಡಬ್ಬಿಯನ್ನು ಆಸ್ಪತ್ರೆಗೇ ಹೊತ್ತು ತಂದರು. ಕಲೆ ಅಭ್ಯಾಸದಿಂದ ಬರುತ್ತದೆ, ಹುಡುಗಾಟದಿಂದಲ್ಲ ಎಂದು, ಇಪ್ಪತ್ತೆಂಟು ವರ್ಷ ವ್ಯಾಕರಣ ಕಲಿಸಿದ ನಾನು ಎಚ್ಚರಿಸಿದೆ.

"ಟೀಚರಮ್ಮ ಬೆಂಚಿನ ಮೇಲೆ ಕೂತ್ಕೊಳ್ಳಲಿ" ಎಂದರು. "ನಾದಿನಿಯವರು ಒಂದು ಚೀಟಿ ತೆಗೀಲಿ."

ಮೊದಲ ಚೀಟಿ: ಕೆಂಪು ಬಣ್ಣವನ್ನು ಹಾಡಿ ತೋರಿಸು. ತಂಗಿ ಸಂಕೋಚದಿಂದ ಒಂದು ಸ್ವರ ಎಳೆದಳು.

"ಇದು ಕೆಂಪಲ್ಲ, ಸುಣ್ಣ" ಎಂದರು ಇವರು.

ಅವಳು ರೇಗಿ ಕಿರುಚಿದಳು.

"ಹಾಂ, ಈಗ ಕೆಂಪಾಯ್ತು!"

ಎರಡನೆಯದು: ಏಣಿಯಂತೆ ಕುಣಿ. ಏಣಿ ಕುಣಿಯುವುದೆಂದರೇನು ಎಂದು ನಾನು ಕೇಳುವಷ್ಟರಲ್ಲಿ ಅವಳು ಕೈಕಾಲು ಸೆಟೆಸಿ ಠಕಠಕನೆ ನಡೆದು, ಐದು ವಾರಗಳಲ್ಲಿ ಮೊದಲ ಬಾರಿಗೆ ನಕ್ಕಳು.

ಮೂರನೆಯದರಲ್ಲಿ ಎರಡೇ ಪದ: ಬರಿ ಕೈ.

ಓದಿದವಳೇ ಕುಂಚವನ್ನು ಬದಿಗಿಟ್ಟಳು. ತೋಳು ಮೇಲೇರಿಸಿ, ಎರಡೂ ಅಂಗೈಗಳನ್ನು ನೀಲಿ ಬಣ್ಣದ ಬಕೆಟ್ಟಿಗೆ ಅದ್ದಿ ಗೋಡೆಗೆ ಬಡಿದಳು.

"ಅಯ್ಯಯ್ಯೋ, ಅಲ್ಲಮ್ಮ!" ಎಂದರು ಇವರು. "ಒಂದು ಕೈ ಬರಿ ಅಂದೆ. ಕೈಯ ಚಿತ್ರ! ಬೆರಳು, ಉಗುರು..."

"ಹಾಗಾದ್ರೆ 'ಬರೆ' ಅಂತ ಬರೀಬೇಕಿತ್ತು!" ನಾನು ಎದ್ದು ನಿಂತೆ. "'ಬರಿ ಕೈ' ಅಂದ್ರೆ ಏನೂ ಹಿಡೀದ ಕೈ. ಎತ್ವ ಕೊಡೋ ಕಡೆ ಗುಡಿಸು ಕೊಟ್ಟು ಗೋಡೆ ಹಾಳು ಮಾಡಿದ್ರಿ. ಬಾಯಿಗೆ ಬಂದ ಹಾಗೆ ಬರೆದ್ರೆ ಇಷ್ಟೇ!"

"ಸುಮ್ನಿರಕ್ಕ."

ಹುಟ್ಟಿದಾಗಿನಿಂದ ನನಗೆ ಎದುರಾಡಿದವಳಲ್ಲ ಅವಳು. ನಾನು ಮತ್ತೆ ಬೆಂಚಿನ ಮೇಲೆ ಕೂತೆ; ಏಕೆಂದರೆ ಅವಳ ಕೈಗಳು ನಿಲ್ಲಲಿಲ್ಲ. ಅಂಗೈ ಎಳೆದ ಕಡೆ ತಿಮಿಂಗಿಲದ ಬೆನ್ನು, ಬೆರಳು ಜಾರಿದ ಕಡೆ ಅಲೆ, ಹೆಬ್ಬೆರಳು ಒತ್ತಿದ ಕಡೆ ಮೀನಿನ ಕಣ್ಣು. ಕುಂಚಕ್ಕೆ ಅಂಟಿಕೊಂಡಿದ್ದ ಮೇಲ್ವಿಚಾರಕರ ಆ ನಗು ಬೆರಳುಗಳಿಗೆ ಅಂಟಿರಲಿಲ್ಲ.

"ಭಾವ, ಬಾರಿಸಿ!" ಎಂದು ಕೂಗಿದಳು. ಇವರು ಖಾಲಿ ಬಕೆಟ್ಟೊಂದನ್ನು ಬೋರಲು ಹಾಕಿ ಬಾರಿಸಿದರು. ನಾನು ಹಳದಿ ಬಣ್ಣದ ಡಬ್ಬ ಹಿಡಿದು ನಿಂತೆ. ಆಟವನ್ನು ಹಗುರವಾಗಿ ಕಂಡವಳು ನಾನು. ಆ ತಪ್ಪು ನನ್ನದೇ. ಸಂಜೆಯ ಹೊತ್ತಿಗೆ ಗೋಡೆಯ ಈ ತುದಿಯಿಂದ ಆ ತುದಿಗೆ ಸಮುದ್ರ ಹರಡಿತ್ತು.

ಶನಿವಾರ ಮೇಲ್ವಿಚಾರಕರು ಸಾಬೂನಿನವರನ್ನು ಕರೆದುಕೊಂಡೇ ಬಂದರು. ಸಾಬೂನಿನವರ ಕೈಯಲ್ಲಿ ಅಳತೆಯ ಟೇಪು.

"ಕೈಗುರುತು ಎದ್ದು ಕಾಣುತ್ತಲ್ಲಮ್ಮ?" ಎಂದರು ಮೇಲ್ವಿಚಾರಕರು.

"ಕಾಣಲಿ ಅಂತಲೇ ಬಿಟ್ಟಿರೋದು, ಸಾರ್" ಎಂದಳು ತಂಗಿ, ತಲೆ ತಗ್ಗಿಸದೆ.

ಅಷ್ಟರಲ್ಲಿ ದಾದಿ ಸೂಜಿಗೆಂದು ಒಬ್ಬ ಪುಟ್ಟ ಹುಡುಗಿಯನ್ನು ಮೂರನೆಯ ಸಲ ಕರೆದಳು.

"ಇರಿ ಆಂಟಿ, ಮೀನು ಎಣಿಸ್ತಿದೀನಿ. ತಪ್ಪಿಹೋಗುತ್ತೆ!"

ಸಾಲಿನಲ್ಲಿದ್ದ ಯಾವ ಮಗುವೂ ಅಳುತ್ತಿರಲಿಲ್ಲ. ಸಾಬೂನಿನವರು ಯಾರೂ ಹೇಳದೆಯೇ ಟೇಪನ್ನು ಸುತ್ತಿಕೊಂಡರು. ಮೇಲ್ವಿಚಾರಕರು ಗೋಡೆಯುದ್ದಕ್ಕೂ ನಡೆದು ನೋಡಿ, "ಎದುರಿನ ಗೋಡೆಗೂ ಏನಾದ್ರೂ..." ಎಂದು ಶುರುಮಾಡಿದರು.

ತಂಗಿ ಆಗಲೇ ಏಣಿಯನ್ನು ಎದುರಿನ ಗೋಡೆಗೆ ಒರಗಿಸಿ ಹತ್ತುತ್ತಿದ್ದಳು.

"ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಸಾರ್" ಎಂದಳು. "ಬಣ್ಣ ತೊಟ್ಟಿಕ್ಕುತ್ತೆ."