ಕೊನೆಯವರು ಯಾರು?

ನಮ್ಮ ಹವಾನಾದಲ್ಲಿ ಬಿಸಿಲಿಗೆ ಸಾಲಾಗಿ ನಿಲ್ಲುವ ದಡ್ಡರು ಯಾರೂ ಇಲ್ಲ. ಬಂದವರು "ಕೊನೆಯವರು ಯಾರು?" ಎಂದು ಕೂಗುತ್ತಾರೆ. ಕೈಯೆತ್ತಿದವರ ನಂತರ ತಮ್ಮ ಸರದಿಯೆಂದು ಅವರ ಮುಖ ನೆನಪಿಟ್ಟುಕೊಂಡು ಎಲ್ಲಾದರೂ ಹೋಗಿ ಕೂರುತ್ತಾರೆ, ಅಷ್ಟೇ. ಆವತ್ತು ಗುರುತಿನ ಚೀಟಿ ಕಚೇರಿಯ ಮೂರನೇ ಮಹಡಿಯಲ್ಲಿ ನನ್ನ ಮುಂದಿನವರು ಎವೇಲಿಯೊ ಎಂಬ ಮುದುಕರು. ಕಿವಿ ಮಂದ, ಬಾಯಿ ಜೋರು.

"ಟಾಯ್ಲೆಟ್ಟಿಗೆ ಹೋಗ್ಬರ್ತೀನಿ ಮಗಳೇ. ನನ್ನ ಜಾಗ ನುಂಗಿ ನೀರು ಕುಡಿದುಬಿಟ್ಟೀಯ, ಹುಷಾರು!"

"ಹೋಗಿ ಅಜ್ಜ, ನಿಮ್ಮ ಜಾಗ ಏನು ಹುರಿದ ಹಂದಿಮಾಂಸವಾ?" ಎಂದೆ. ತಡಮಾಡಿದರೆ ಒಳ್ಳೆಯದೇ, ನಾನೇ ಒಳಗೆ ನುಗ್ಗಬಹುದು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು.

ಆಮೇಲೆ ಹೊಗೆ ಬಂತು. ಯಾರೂ ಏಳಲಿಲ್ಲ.

"ಯಾರ್ದೋ ಮನೇಲಿ ಕಾಳು ಸೀದಿದೆ ಬಿಡಿ," ಎಂದರು ಬೀಸಣಿಗೆ ಹಿಡಿದ ಎದೆಲ್ಮಿರಾ ಎಂಬ ಮುದುಕಿ. ಎದ್ದರೆ ಸರದಿ ತಪ್ಪೀತೆಂದು ನಾನೂ ಕುರ್ಚಿ ಬಿಡಲಿಲ್ಲ. ಛೀ, ಎಂಥ ಜನ ನಾವು! ದೀಪ ಆರಿ ಛಾವಣಿ ಕಪ್ಪಾದ ಮೇಲೆಯೇ ಎದ್ದದ್ದು. ಪಕ್ಕದಲ್ಲೇ ಹಿಂದಿನ ಮೆಟ್ಟಿಲಿದ್ದರೂ ಎಲ್ಲರೂ ಹತ್ತಿ ಬಂದ ಮೆಟ್ಟಿಲನ್ನೇ ಹುಡುಕಿ ಇಳಿದೆವು.

"ಒಳಗೆ ಯಾರಾದ್ರೂ ಉಳಿದಿದಾರಾ?" ಬೀದಿಯಲ್ಲಿ ಅಗ್ನಿಶಾಮಕದವನು ಕೇಳಿದ. ಕಚೇರಿಯ ಗುಮಾಸ್ತೆ ಕಣ್ಣು ಕಣ್ಣು ಬಿಟ್ಟಳು. ಅವಳ ಹತ್ತಿರ ಯಾವ ಪಟ್ಟಿಯೂ ಇರಲಿಲ್ಲ.

ಆಗ ಎದೆಲ್ಮಿರಾ ಬೀಸಣಿಗೆ ಮೇಲೆತ್ತಿದರು. "ಕೊನೆಯವಳು ನಾನು! ನನ್ನ ಮುಂದೆ ಹಸಿರು ಅಂಗಿ!"

"ಇಲ್ಲಿದೀನಿ! ನನ್ನ ಮುಂದೆ ಬಸುರಿ ಹೆಂಗಸು!"

"ಇದೀನಪ್ಪಾ! ನನ್ನ ಮುಂದೆ ಆ ಬೋಳುತಲೆ!"

ಹೀಗೇ ಹಿಂದಿನಿಂದ ಮುಂದಕ್ಕೆ, ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ, ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾ ಬಂದರು. ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಮುಖ ಮಾತ್ರ ಯಾರೂ ಮರೆತಿರಲಿಲ್ಲ. ಜೀವಮಾನವೆಲ್ಲ ಶಪಿಸುತ್ತಾ ಕಾದ ಈ ಸರದಿ ಇಂಥದ್ದೆಂದು ನನಗೆ ಗೊತ್ತೇ ಇರಲಿಲ್ಲ.

ಸರದಿಯಲ್ಲಿ ನನ್ನ ಹಿಂದಿದ್ದ ನರ್ಸ್ ನನ್ನತ್ತ ಬೆರಳು ಮಾಡಿದಳು. "ನನ್ನ ಮುಂದೆ ಈಯಮ್ಮ!"

ಎಲ್ಲರೂ ನನ್ನ ಕಡೆ ತಿರುಗಿದರು. ಮರೆತವಳು ನಾನೊಬ್ಬಳೇ.

"ಟಾಯ್ಲೆಟ್ಟಲ್ಲಿ!" ಎಂದು ಕಿರುಚಿದೆ. "ಮೂರನೇ ಮಹಡಿ, ಎಡಗಡೆ ತುದಿ! ಕಿವಿ ಕೇಳ್ಸಲ್ಲ ಅವರಿಗೆ!"

ಅಗ್ನಿಶಾಮಕದವರಿಬ್ಬರು ಒಳಗೆ ಓಡಿದರು. ಕೊನೆಗೆ ಅಜ್ಜನನ್ನು ಹೊತ್ತು ತಂದರು. ಮುಖಕ್ಕೆಲ್ಲ ಮಸಿ, ಆದರೆ ಉಸಿರಿತ್ತು. ಅವರ ಕೈ ಹಿಡಿದು ಗೊಳೋ ಎಂದು ಅತ್ತೆ.

"ಇವರು ನಿಮಗೇನಾಗಬೇಕು?" ಆಂಬುಲೆನ್ಸಿನವನು ಕೇಳಿದ.

"ನನ್ನ ಮುಂದಿನವರು," ಎಂದೆ.

ಅವನು ಮತ್ತೇನೂ ಕೇಳದೆ ನನ್ನನ್ನೂ ಹತ್ತಿಸಿಕೊಂಡ.