ಉಡಿ ಝಾಡಿಸುವ ಹೊತ್ತು

ಕಂಡಿತೋ ಕಂಡಂತಾಯಿತೋ, ಸಾಲಿನಲ್ಲಿ ನಾಲ್ಕನೆಯವಳಾಗಿ ನಿಂತ ದೇವವ್ವನ ಉಡಿಯಿಂದ ಇಣುಕಿದ್ದು ಒಂದು ತುಂಬು, ಮೆಣಸಿನಕಾಯಿಯ ಒಣ ತೊಟ್ಟು, ಬೆಳಗಿನಿಂದ ಇಷ್ಟು ಹೆಂಗಸರು ಕೂತು ಮುರಿದು ಮುರಿದು ಗುಡ್ಡೆ ಹಾಕಿದ್ದು ಅದನ್ನೇ, ಇದೊಂದು ಮುರಿಯದೆ ಉಳಿದಿದೆ ಎಂದರೆ ಅದರ ಕೆಳಗೆ ಕಾಯಿಯೂ ಇದೆ, ಒಂದಲ್ಲ, ಹಿಡಿ ತುಂಬ — ಗುತ್ತೆವ್ವ ಬೇರೆ ಕಡೆ ನೋಡಿದಳು. ಸಂಜೆ ಗೋದಾಮಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬಳ ಉಡಿ ಝಾಡಿಸಿ ನೋಡಿ ಹೊರಗೆ ಬಿಡುವುದು ಅವಳ ಕೆಲಸ, ಬೇರೆ ದಿನವಾಗಿದ್ದರೆ ನೋಡಿಯೂ ನೋಡದಂತಿರಬಹುದಿತ್ತು, ಇವತ್ತು ಸಾಹುಕಾರ ಮಾಲತೇಶಪ್ಪ ಕುರ್ಚಿ ಹಾಕಿಸಿಕೊಂಡು ಬಾಗಿಲಲ್ಲೇ ಕೂತಿದ್ದಾನೆ, ಮೊದಲೇ ಹೇಳಿಯೂ ಇದ್ದಾನೆ, ಸಿಕ್ಕಾಕೀನ್ನ ಎಲ್ಲಾರ ಮುಂದ ನಿಲ್ಲಸು ಗುತ್ತೆವ್ವ, ಕೆಲಸಾ ಬಿಡಸಂಗಿಲ್ಲ, ನಮ್ಮಪ್ಪ ನಿನಗ ಮಾಫಿ ಕೊಟ್ಟಂಗ ನಾನೂ ಕೊಡತೇನಿ. ಮಾಫಿ. ಕಲಿತವರು ಹೇಳುತ್ತಾರೆ, ಮಾಫಿ ಅಂದರೆ ಬಿಟ್ಟುಬಿಡುವುದು ಎಂದು, ಹದಿನಾರು ವರ್ಷವಾಯಿತು, ಅದು ಇವಳನ್ನು ಬಿಟ್ಟಿಲ್ಲ, ಅವತ್ತು ಹಿರೇ ಸಾಹುಕಾರ ಇದೇ ಅಂಗಳದಲ್ಲಿ ಇವಳ ಉಡಿ ಝಾಡಿಸಿ, ಬಿದ್ದ ಕಾಯಿಯನ್ನು ಇವಳಿಂದಲೇ ಆರಿಸಿ, ಹೋಗು, ಮಾಫ್ ಮಾಡೇನಿ ಅಂದಿದ್ದ, ಜನ ಅವನನ್ನು ದೇವರಂಥವ ಅಂದರು, ಇವಳನ್ನು ಮಾಫಿ ಗುತ್ತೆವ್ವ ಅಂದರು, ನಳದ ಹತ್ತಿರ ಮಾಫಿ ಗುತ್ತೆವ್ವ, ಮಗಳನ್ನು ನೋಡಲು ರಾಣೆಬೆನ್ನೂರಿನಿಂದ ಬಂದವರು ಚಹಾ ಕುಡಿಯುತ್ತ ಕೇಳಿದರು, ಮಾಫಿ ಗುತ್ತೆವ್ವ ಅಂದ್ರ ನೀವ ಏನ್ರಿ, ಬೈದಿದ್ದರೆ ಮರೆತು ಹೋಗುತ್ತಿತ್ತು, ಹೊಡೆದಿದ್ದರೂ ಮಾಯುತ್ತಿತ್ತು — ಒಬ್ಬಳು ಹೋದಳು, ಇನ್ನಿಬ್ಬರು, ಆಮೇಲೆ ದೇವವ್ವನೇ. ಐದು ತಿಂಗಳ ಬಸುರಿ, ಹೋದ ಸೋಮವಾರ ಕುಬಸ, ಅಕ್ಕಿ ಕೊಬ್ಬರಿ ಹಾಕಿ ಆ ಉಡಿ ತುಂಬಿದ್ದು ಇದೇ ಕೈ, ತುಂಬಿದ ಉಡಿಯನ್ನು ಇದೇ ಕೈ ಊರ ಮುಂದೆ ಝಾಡಿಸಬೇಕೇ, ಹುಟ್ಟುವ ಕೂಸಿಗೂ ಮಾಫಿ ದೇವವ್ವನ ಕೂಸು ಅನ್ನಿಸಬೇಕೇ, ಯಾಕ ಕೈ ಹಚ್ಚಿದೆವ್ವಾ, ಖಾರದ ಬಯಕೆಯಿದ್ದರೆ ನನ್ನ ಕೇಳಬಾರದಿತ್ತೇ.

ಈಗ ಎದುರಿಗೇ ಬಂದಳು, ತುಟಿ ಬಿಳಚಿದೆ, ಯಕ್ಕಾ ಮಾಫ್ — ಸುಮ್ಕಿರ, ಆ ಮಾತು ಆಡಬ್ಯಾಡ, ಸಾಹುಕಾರ ಕುರ್ಚಿಯಿಂದ ಕತ್ತು ಚಾಚಿದ, ಯಾಕ ನಿಂತಿ, ಝಾಡಸು, ಗುತ್ತೆವ್ವನ ಕೈ ಮೇಲೆದ್ದಿತು, ಉಡಿಗೆ ಹೋಗಬೇಕಾದದ್ದು ತನ್ನ ಕಣ್ಣಿಗೇ ಹೋಯಿತು, ಇಡೀ ದಿನ ಕಾಯಿ ಮುರಿದ ಕೈ, ಒತ್ತಿ ತಿಕ್ಕಿದಳು, ಬ್ಯಾಡಗಿ ಕಾಯಿಗೆ ಬಣ್ಣವೇ ಹೊರತು ಖಾರವಿಲ್ಲ ಅನ್ನುವವರು ಒಮ್ಮೆ ಹೀಗೆ ಹಚ್ಚಿಕೊಂಡು ನೋಡಲಿ, ಯವ್ವಾ ಸತ್ನೆವ್ವಾ, ಖರೇನೇ ಸತ್ತಂತಾಯಿತು, ಸಾಲು ಮುರಿಯಿತು, ನೀರು ತರ್ರಿ, ಲಗೂ ತರ್ರಿ, ಸಾಹುಕಾರ ಎದ್ದು ಬಂದ, ಏನ ಹೆಣ್ಮಗಳೋ, ಇಷ್ಟ ವರ್ಷಾದ್ರೂ ಗೊತ್ತಾಗೂದಿಲ್ಲ, ಹೋಗ್ರಿ ಎಲ್ಲಾರೂ, ಹೊತ್ತಾತು — ಹೋಗವ್ವಾ ದೇವವ್ವ, ಈಗ ಹೋಗು, ಅಂತ ಒಳಗೇ ಅಂದುಕೊಂಡಳು, ಆದರೆ ಮುಖದ ಮೇಲೆ ತಣ್ಣೀರು ಬಿತ್ತು, ಉರಿಯುವ ಕಣ್ಣು ಅರೆಬರೆ ತೆರೆದರೆ ತಂಬಿಗೆ ಹಿಡಿದು ಬಾಗಿದವಳು ಅವಳೇ, ಹುಚ್ಚಿ, ಬಗಲಲ್ಲೇ ಸಾಹುಕಾರ, ನಡುವೆ ಅದೇ ತುಂಬು, ಮೊದಲಿಗಿಂತ ಉದ್ದಕ್ಕೆ ಇಣುಕಿದೆ. ಆಸರೆಗೆಂಬಂತೆ ಅವಳ ಸೊಂಟ ಹಿಡಿದಳು, ಬೆರಳಿಗೆ ಹೇಳಿಕೊಡಬೇಕೇ, ತುಂಬು ಚಟ್ಟನೆ ಮುರಿಯಿತು, ಕಾಯಿ ಒಳಗೆ ಉಳಿಯಿತು. ಹೋಗು, ಮನ್ಯಾಗ ಕಾಯತಿರತಾರ. ಕೈಯಾಗ ಏನೈತಿ ಗುತ್ತೆವ್ವ, ಸಾಹುಕಾರ ಕೇಳಿದ, ತುಂಬು ರೀ, ಬರೇ ಕಸ, ಕಸಾ ಒಗಿ ಮತ್ತ, ಒಗೀತೇನ್ರಿ — ದೇವವ್ವನ ಹೆಜ್ಜೆ ಗೇಟು ದಾಟಿತು, ತುಂಬಿದ ಉಡಿ ತುಂಬಿದಂತೆಯೇ ದಾಟಿತು, ಒಗೆಯಬೇಕು, ಸಾಹುಕಾರ ನೋಡುತ್ತಿದ್ದಾನೆ, ಮುಷ್ಟಿ ಬಿಚ್ಚುತ್ತಿಲ್ಲ, ಅಂಗೈಯಲ್ಲಿ ಚುಚ್ಚುತ್ತ ಒಂದು ತುಂಬು, ಒಂದೇ ಒಂದು ತುಂಬು.