ಏಳನೇ ಬಾಗಿಲ ಮುಂದೆ ಅತ್ತೆ

ನಮ್ಮ ಮನೆಯ ನಡುಕೋಣೆಯಲ್ಲಿ ಅತ್ತೆಯ ಒಂದು ಫೋಟೋ ಇದೆ. ಹಳದಿ ಬಾಗಿಲೊಂದರ ಮುಂದೆ ಮುಷ್ಟಿ ಎತ್ತಿ ನಿಂತು ಬಾಯಿ ತುಂಬ ನಗುತ್ತಿದ್ದಾಳೆ. ಬಾಗಿಲ ಮೇಲೆ ದೊಡ್ಡದಾಗಿ ಏಳು ಎಂದು ಬರೆದಿದೆ. ಮನೆಗೆ ಬಂದವರು, "ಕನ್ನಡಕ ಇಲ್ದೆ ಎಷ್ಟು ಲಕ್ಷಣವಾಗಿ ಕಾಣ್ತೀರಿ!" ಎನ್ನುತ್ತಾರೆ. ಅತ್ತೆ ತನ್ನ ಸೋಡಾಗ್ಲಾಸನ್ನು ಮೂಗಿನ ಮೇಲಕ್ಕೆ ತಳ್ಳಿ, "ಅದು ಹದಿನಾಲ್ಕು ವರ್ಷದ ಹಿಂದಿನ ಮಾತು" ಎನ್ನುತ್ತಾಳೆ. ಆದರೆ ಅವರು ಹೋದ ಮೇಲೆ ಸೆರಗಿನ ತುದಿಯಿಂದ ಫೋಟೋದ ಗಾಜು ಒರೆಸುತ್ತಾಳೆ.

ಅವಳು ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷದಿಂದ ಪ್ರೂಫ್ ನೋಡುತ್ತಾಳೆ. ಊರವರ ತಪ್ಪನ್ನೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದಿದ್ದಾಳೆ, ಅವಳ ಹೆಸರು ಮಾತ್ರ ಒಂದು ಪುಸ್ತಕದಲ್ಲೂ ಬಂದಿಲ್ಲ. ಹೆಸರು ಬಂದದ್ದು ಒಂದೇ ಕಡೆ: ಟೀವಿಯ 'ಏಳನೇ ಬಾಗಿಲು' ಆಟದಲ್ಲಿ.

ಆ ಆಟ ಈಗ ನಿಂತುಹೋಗಿದೆ. ಆರು ಪ್ರಶ್ನೆಗೆ ಆರು ಬಾಗಿಲು ತೆರೆಯಬೇಕು. ಏಳನೆಯದಕ್ಕೆ ಮೂವತ್ತು ಸೆಕೆಂಡು. ಉತ್ತರ ಹೇಳಿ ನಾವೇ ಮೂರು ಸಲ ಬಾಗಿಲು ತಟ್ಟಬೇಕು. ಸರಿಯಾಗಿದ್ದರೆ ಬಾಗಿಲು ತೆರೆಯುತ್ತದೆ, ತಪ್ಪಾಗಿದ್ದರೆ ದೀಪ ಆರುತ್ತದೆ. ಅತ್ತೆಗೆ ತೆರೆಯಿತು. ಒಳಗೆ ವಾಷಿಂಗ್ ಮಷೀನ್ ಇತ್ತು. ಅದು ಇವತ್ತಿಗೂ ನಮ್ಮ ಬಚ್ಚಲಲ್ಲಿ ಗಡಗಡ ಎನ್ನುತ್ತಾ ನೆಲದ ಮೇಲೆ ಅಷ್ಟಷ್ಟೇ ಮುಂದೆ ಸರಿಯುತ್ತದೆ. ಹೊಸದು ತರೋಣ ಎಂದು ಅಪ್ಪ ಹೇಳಿದಾಗಲೆಲ್ಲ ಅತ್ತೆ, "ನಾನು ಹೋದ ಮೇಲೆ ತಗೊಳ್ಳಿ" ಎನ್ನುತ್ತಾಳೆ.

ನಾನು ಹೆಚ್ಚು ಮಾತಾಡುವವಳಲ್ಲ. ಗ್ರಂಥಾಲಯ ವಿಜ್ಞಾನದಲ್ಲಿ ಪದವಿ ಮುಗಿಸಿ ಒಂದು ವರ್ಷವಾಯಿತು. ಸಂದರ್ಶನಕ್ಕೆ ಹೋದರೆ ಗೊತ್ತಿರುವ ಉತ್ತರವೂ ಗಂಟಲಲ್ಲೇ ಕೂತುಬಿಡುತ್ತದೆ. ಹೇಳಬೇಕಾದದ್ದನ್ನೆಲ್ಲ ಡೈರಿಯಲ್ಲಿ ಬರೆಯುತ್ತೇನೆ. ಬರವಣಿಗೆ ಇದೆ ಎಂಬ ಒಂದೇ ಕಾರಣಕ್ಕೆ ಭಾನುವಾರದ ಕೂಟದಲ್ಲಿ ನನಗೂ ಒಂದು ಸ್ಟೂಲು ಸಿಕ್ಕಿತು.

ಕೂಟ ಸೇರುವುದು ಟೀವಿ ರಿಪೇರಿ ಅಂಗಡಿಯಲ್ಲಿ, ಮಧ್ಯಾಹ್ನ ಮೂರಕ್ಕೆ. ಅಂಗಡಿಯವರನ್ನು ಎಲ್ಲರೂ ರಿಪೇರಿ ಮಾಮ ಎನ್ನುತ್ತಾರೆ. ಹಿಂಬದಿ ಬಿಚ್ಚಿಟ್ಟ ಟೀವಿಗಳ ನಡುವೆ ಒಂದು ಹಳೆಯ ಕ್ಯಾಸೆಟ್ ಯಂತ್ರ ಇನ್ನೂ ಬದುಕಿದೆ. ಯಾರ್ಯಾರದೋ ಮನೆಯ ಅಟ್ಟದಲ್ಲಿ ಸಿಕ್ಕ 'ಏಳನೇ ಬಾಗಿಲು' ಕ್ಯಾಸೆಟ್ಟುಗಳನ್ನು ಮಾಮ ಕೂಡಿಹಾಕುತ್ತಾರೆ. ನೋಡಲು ಬರುವವರು ನಿವೃತ್ತ ಕಂಡಕ್ಟರ್ ತಾತ, ಆಸ್ಪತ್ರೆಯ ನರ್ಸಕ್ಕ, ಅತ್ತೆ ಮತ್ತು ನಾನು.

ಕೂಟಕ್ಕೆ ಒಂದು ಕಟ್ಟಳೆ ಇದೆ. ಕ್ಯಾಸೆಟ್ ಹಾಕುವ ಮೊದಲು ಆ ಗೆಲುವು ತಮಗೆ ನೆನಪಿರುವ ಹಾಗೆ ಒಬ್ಬೊಬ್ಬರೇ ಹೇಳಬೇಕು. ಯಾರೂ ನಡುವೆ ಬಾಯಿ ಹಾಕುವಂತಿಲ್ಲ, ಕ್ಯಾಸೆಟ್ ಮುಗಿಯುವವರೆಗೆ ತಕರಾರಿಲ್ಲ. ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಯಾರ ನೆನಪು ಎಲ್ಲಕ್ಕಿಂತ ಹೆಚ್ಚು ತಪ್ಪೋ ಅವರು ಚಹಾದ ಲೋಟ ತೊಳೆಯಬೇಕು.

ಹೋದ ತಿಂಗಳು ಕ್ಷೌರಿಕನ ಗೆಲುವು ನೋಡಿದೆವು. "ದಿನಾ ಐವತ್ತು ಕುತ್ತಿಗೆ ಮೇಲೆ ಕತ್ತಿ ಆಡಿಸೋ ಕೈ, ಬಾಗಿಲ ಮುಂದೆ ಹೇಗೆ ನಡುಗ್ತು ಅಂತೀರಿ! ಎರಡೇ ಸಲ ತಟ್ಟಿದ, ಮೂರನೇದಕ್ಕೆ ಕೈ ಏಳಲಿಲ್ಲ, ಹಣೆಯಿಂದ ಗುದ್ದಿದ!" ಎಂದು ತಾತ ತಮ್ಮ ಹಣೆಯನ್ನೇ ಮೇಜಿಗೆ ಗುದ್ದಿ ತೋರಿಸಿದರು. ಕ್ಯಾಸೆಟ್ಟಿನಲ್ಲೂ ಹಾಗೇ ಇತ್ತು. ಆದರೆ ಗೆದ್ದ ಮೇಲೆ ಅವನು ಗಳಗಳ ಅತ್ತ ಎಂದದ್ದು ಮಾತ್ರ ಸುಳ್ಳಾಯಿತು. ಅವನು ಸೀನಿದ್ದ.

"ಅಳು ಬಂದು ಸೀನಿದ್ದು ಅದು" ಎಂದು ತಾತ ವಾದಿಸಿದರು.

"ತೊಳೀರಿ ತಾತ, ಲೋಟ ತೊಳೀರಿ. ಚಿಲ್ಲರೆ ನೆಪ ಬೇಡ" ಎಂದಳು ನರ್ಸಕ್ಕ.

ನರ್ಸಕ್ಕನ ಪ್ರಾಣ ಟೈಪಿಸ್ಟ್ ಅಜ್ಜಿಯ ಗೆಲುವಿನಲ್ಲಿದೆ. ಅಜ್ಜಿ ಕಣ್ಣು ಮುಚ್ಚಿ ಗಾಳಿಯಲ್ಲೇ ಬೆರಳಾಡಿಸಿ ಉತ್ತರ ಹುಡುಕಿದ್ದಳಂತೆ. "ವಾರ್ಡಿನಲ್ಲಿ ಹನ್ನೊಂದು ಜನ ಪೇಷಂಟು. ಎದ್ದು ಕೂರೋಕಾಗದವನೂ ಎದ್ದು ಕೂತಿದ್ದ. ಅಜ್ಜಿ ಗೆದ್ದಾಗ ಎಲ್ಲರೂ ಮಂಚ ತಟ್ಟಿದ್ರು, ಟಕ್ ಟಕ್ ಟಕ್. ದೊಡ್ಡ ಡಾಕ್ಟರು ಓಡಿ ಬಂದು ನನಗೇ ಬೈದ್ರು." ಪ್ರತಿ ಸಲ ಪೇಷಂಟುಗಳು ಒಬ್ಬಿಬ್ಬರು ಜಾಸ್ತಿಯಾಗುತ್ತಾರೆ. ನಾನು ಬರೆದುಕೊಂಡಿದ್ದೇನೆ. ಮೊದಲು ಎಂಟು ಇತ್ತು.

ಮೂರು ವಾರದ ಹಿಂದೆ ರಿಪೇರಿ ಮಾಮ ಒಂದು ಕ್ಯಾಸೆಟ್ ಹಿಡಿದುಕೊಂಡು ನಮ್ಮ ಮನೆಗೇ ಬಂದರು. "ಸಿಕ್ತು ಕಣಮ್ಮ, ನಿಮ್ಮ ಅತ್ತೆ ಗೆದ್ದಿದ್ದು! ಬೂಷ್ಟು ಹಿಡಿದಿದೆ. ನಿನ್ನ ಕೈ ನಾಜೂಕು, ಸ್ಪಿರಿಟ್ ಹಚ್ಚಿ ಒರೆಸಿ ಭಾನುವಾರ ತಗೊಂಡು ಬಾ" ಎಂದರು.

ಅತ್ತೆ ಒಲೆಯ ಮುಂದಿನಿಂದ ಓಡಿ ಬಂದು ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಪ್ರಸಾರವಾದ ದಿನ ನಮ್ಮ ಬೀದಿಯಲ್ಲಿ ಕರೆಂಟು ಇರಲಿಲ್ಲ. ತನ್ನ ಗೆಲುವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ನನಗೆ ಮಾತ್ರ ಆ ಕ್ಯಾಸೆಟ್ ಸಿಗದೇ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು.

ಅದರ ಕಾರಣ ನನ್ನ ಮೊದಲ ಡೈರಿಯಲ್ಲಿದೆ. ಒಂಬತ್ತು ವರ್ಷದವಳ ಸೊಟ್ಟ ಅಕ್ಷರದಲ್ಲಿ ಹೀಗೆ ಬರೆದಿದ್ದೇನೆ: 'ಅತ್ತೆಗೆ ಉತ್ತರ ಹೇಳಿಕೊಟ್ಟೆ. ಯಾರಿಗೂ ಗೊತ್ತಿಲ್ಲ. ಇನ್ನು ಮೇಲೆ ಬಾಯಿ ಬಿಡಬಾರದು.' ಆ ದಿನ ಸ್ಟುಡಿಯೋದಲ್ಲಿ ನಾನು ಅಪ್ಪನ ಪಕ್ಕ ನಾಲ್ಕನೇ ಸಾಲಿನಲ್ಲಿದ್ದೆ. ಕೊನೆಯ ಪ್ರಶ್ನೆ, ಮೂರು ಹೃದಯವಿರುವ ಪ್ರಾಣಿ ಯಾವುದು ಎಂದು. ನನಗೆ ಗೊತ್ತಿತ್ತು. ಅತ್ತೆ ಪ್ರೆಸ್ಸಿನಿಂದ ತಂದುಕೊಟ್ಟಿದ್ದ ಮಕ್ಕಳ ವಿಶ್ವಕೋಶದ ರದ್ದಿ ಹಾಳೆಯಲ್ಲಿ ಓದಿದ್ದೆ. ಅತ್ತೆ ಸುಮ್ಮನೆ ನಿಂತಿದ್ದಳು. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ಆಮೇಲೆ ನೇರವಾಗಿ ನನ್ನನ್ನೇ ನೋಡಿದಳು. ನಾನು ಸದ್ದಿಲ್ಲದೆ ತುಟಿಯಲ್ಲಿ ಹೇಳಿದೆ, ಕೈಗಳನ್ನು ಬಳುಕಿಸಿ ತೋರಿಸಿದೆ. ಮರುಕ್ಷಣ ಅತ್ತೆ "ಆಕ್ಟೋಪಸ್" ಎಂದು ಬಾಗಿಲು ತಟ್ಟಿದಳು.

ಆಮೇಲೆ ಪ್ರತಿ ವಾರ ಬಟ್ಟೆ ಒಗೆಯುವಾಗಲೂ ಆ ಮಷೀನ್ ಗಡಗಡ ಎಂದು ನನ್ನನ್ನೇ ಕೇಳುತ್ತಿತ್ತು. ಅತ್ತೆಯ ಬಾಳಿನಲ್ಲಿ ಅವಳದೇ ಎಂದು ಇದ್ದ ಒಂದು ಗೆಲುವು ನಾನು ಕದ್ದು ಕೊಟ್ಟದ್ದು. ಈಗ ಅದು ನಾಲ್ಕು ಜನರೆದುರು ಟೀವಿಯಲ್ಲಿ ಕಾಣಲಿದೆ.

ಎರಡು ದಿನ ಆ ಕ್ಯಾಸೆಟ್ ನನ್ನ ಮೇಜಿನ ಮೇಲಿತ್ತು. ಹತ್ತಿಗೆ ಸ್ಪಿರಿಟ್ ಅದ್ದಿ ಕಪ್ಪು ಟೇಪನ್ನು ಗೇಣು ಗೇಣಾಗಿ ಒರೆಸಿದೆ. ಉಗುರಿನಿಂದ ಒಮ್ಮೆ ಗೀರಿದರೆ ಸಾಕಿತ್ತು. ಬೂಷ್ಟು ತಿಂದಿದೆ ಎಂದರೆ ಯಾರೂ ಮರುಮಾತಾಡುತ್ತಿರಲಿಲ್ಲ. ಉಗುರನ್ನು ಇಟ್ಟೂ ನೋಡಿದೆ. ಪಕ್ಕದ ಕೋಣೆಯಲ್ಲಿ ಅತ್ತೆ ಭಾನುವಾರಕ್ಕೆಂದು ಸೀರೆ ಇಸ್ತ್ರಿ ಮಾಡುತ್ತಾ ಗುನುಗುತ್ತಿದ್ದಳು. ಕೈ ತೆಗೆದೆ.

ಭಾನುವಾರ ತಾತ ಶುರು ಮಾಡಿದರು. "ನಿಮ್ಮ ಅತ್ತೆ ತಟ್ಟಿದ ಏಟಿಗೆ ಬಾಗಿಲಿನ ಏಳು ಅನ್ನೋ ಅಕ್ಷರವೇ ಅಲ್ಲಾಡಿತ್ತು. ನಾನು ಕಣ್ಣಾರೆ ನೋಡಿದೀನಿ. ಡಿಪೋದಲ್ಲಿ ಬಸ್ಸು ಹೊರಡೋದು ಕಾಲು ಗಂಟೆ ತಡ ಆಯ್ತು ಅವತ್ತು."

ನರ್ಸಕ್ಕ, "ಕೊನೇ ಸೆಕೆಂಡಿನಲ್ಲಿ ಹೇಳಿದ್ದು. ನಾನು ಒಬ್ಬರ ನಾಡಿ ಹಿಡ್ಕೊಂಡಿದ್ದೆ, ಎಣಿಸೋದೇ ಮರೆತುಹೋಯ್ತು" ಎಂದಳು.

ಅತ್ತೆಯ ಸರದಿ ಬಂತು. ಅವಳು ಮಡಿಲಲ್ಲಿ ಕೈ ಕಟ್ಟಿಕೊಂಡು ಹೇಳಿದಳು. "ಗೆದ್ದೆ, ನಿಜ. ಎಲ್ಲರೂ ಚಪ್ಪಾಳೆ ಹೊಡೆದ್ರು. ಆದರೆ ಅಷ್ಟು ಹೊತ್ತೂ ನನಗೆ ಅನ್ನಿಸಿದ್ದು ಒಂದೇ. ಎದುರಿಗೆ ಅಷ್ಟು ಜನ ಇದ್ದಾರೆ, ನನ್ನವರು ಅಂತ ಒಂದು ಮುಖಾನೂ ಇಲ್ಲ ಅಂತ. ಅಷ್ಟೇ ನನ್ನ ನೆನಪು."

ನನ್ನ ಪೆನ್ನು ನಿಂತಿತು. ನಾನಿದ್ದೆನಲ್ಲ ಅತ್ತೆ, ನನ್ನನ್ನು ನೋಡಿದೆಯಲ್ಲ?

"ಸರಿ, ಹಾಕ್ಲಾ?" ಎಂದ ರಿಪೇರಿ ಮಾಮ ಕ್ಯಾಸೆಟ್ಟಿಗೆ ಕೈ ಹಾಕಿದವರು ನನ್ನತ್ತ ತಿರುಗಿದರು. "ಅರೆ, ಗುಮಾಸ್ತೆಮ್ಮಾ! ನಮ್ಮಲ್ಲಿ ಸ್ಟುಡಿಯೋದಲ್ಲೇ ಕೂತು ನೋಡಿದೋಳು ನೀನೊಬ್ಬಳೇ ಅಲ್ವಾ? ಇವತ್ತು ನೀನೂ ಹೇಳ್ಬೇಕು."

"ಬರ್ಕೊಡ್ತೀನಿ" ಎಂದೆ.

"ಬರೆದದ್ದು ನಡೆಯಲ್ಲ. ಟಿಕೆಟ್ ಇಲ್ದೆ ಪ್ರಯಾಣ ಮಾಡಿದ್ದು ಸಾಕು" ಎಂದರು ತಾತ.

ಟೀವಿ ತಾನೇ ಹೇಳಿಬಿಡುವ ಮುಂಚೆ ನಾನು ಹೇಳಬೇಕು ಎಂದಷ್ಟೇ ಹೊಳೆಯಿತು. "ಅತ್ತೆ, ಉತ್ತರ ನಾನು ಹೇಳಿಕೊಟ್ಟಿದ್ದು" ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. "ನೀನು ನನ್ನ ಕಡೆ ನೋಡಿದೆ. ನಾನು ತುಟಿ ಆಡಿಸಿದೆ, ಕೈ ಆಡಿಸಿದೆ. ಆಮೇಲೇ ನೀನು ಹೇಳಿದ್ದು. ಇದರಲ್ಲಿ ಕಾಣುತ್ತೆ. ತಪ್ಪಾಯ್ತು ಅತ್ತೆ."

ಕಟ್ಟಳೆಯಂತೆ ಯಾರೂ ಮಾತಾಡಲಿಲ್ಲ. ಆ ಕಟ್ಟಳೆ ಅಷ್ಟು ಕ್ರೂರ ಎಂದು ನನಗೆ ಗೊತ್ತಿರಲಿಲ್ಲ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ, "ಕ್ಯಾಸೆಟ್ ಹಾಕಿ" ಎಂದಳು.

ಪರದೆಯಲ್ಲಿ ಗೆರೆಗಳು ಓಡಿದವು, ಬಣ್ಣ ಮೂಡಿತು. ನೀಲಿ ಕೋಟಿನ ನಿರೂಪಕ ಪ್ರಶ್ನೆ ಓದಿದ. ಅತ್ತೆ ನಿಂತಿದ್ದಳು. ಗಡಿಯಾರದ ಮುಳ್ಳು ಸರಿಯಿತು. ಆಗ ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿತು. ನಾಲ್ಕನೇ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ನನ್ನ ನೆನಪಿನಲ್ಲಿ ನಾನು ಗುಟ್ಟಾಗಿ ಕೈ ಆಡಿಸಿದ್ದೆ. ಅಲ್ಲಿ ನೋಡಿದರೆ ಎರಡೂ ತೋಳು ಬೀಸಿ, ಸೊಂಟ ಬಳುಕಿಸಿ, ಕೆನ್ನೆ ಉಬ್ಬಿಸಿ ಕುಣಿಯುತ್ತಿದ್ದೆ. ಅಪ್ಪ ಲಂಗ ಹಿಡಿದೆಳೆದು ನನ್ನನ್ನು ಕೂರಿಸಲು ನೋಡುತ್ತಿದ್ದ. ನರ್ಸಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

ಕ್ಯಾಮೆರಾ ಮತ್ತೆ ಅತ್ತೆಯ ಮೇಲೆ ಬಂತು. ಅವಳು ನೇರವಾಗಿ ನೋಡುತ್ತಿದ್ದಳು. ಕಣ್ಣು ಕಿರಿದು ಮಾಡಿಕೊಂಡು, ಏನನ್ನೂ ಹಿಡಿಯಲಾರದ ನೋಟದಲ್ಲಿ. "ಆಕ್ಟೋಪಸ್" ಎಂದಳು, ತಿರುಗಿದಳು, ಕೈ ಚಾಚಿ ಬಾಗಿಲು ಎಲ್ಲಿದೆ ಎಂದು ತಡವಿದಳು, ಆಮೇಲೆ ತಟ್ಟಿದಳು. ಬಾಗಿಲು ತೆರೆಯಿತು. ಪ್ರತಿ ಸಲ ಗೆಲುವಿಗೆ ಮೇಜು ತಟ್ಟುವ ತಾತ ಈ ಸಲ ಕೈ ಎತ್ತಲಿಲ್ಲ.

"ಮುಗೀತಾ?" ಎಂದಳು ಅತ್ತೆ. "ಈಗ ತಕರಾರು ಮಾಡಬಹುದಾ?"

"ಮಾಡಿ" ಎಂದರು ಮಾಮ.

"ಏನೇ ಪೆದ್ದಿ, ನನ್ನ ಮೂಗಿನ ಮೇಲೆ ಏನಿದೆ ನೋಡು ಅಲ್ಲಿ."

ಪರದೆಯಲ್ಲಿ ಅವಳ ಮೂಗಿನ ಮೇಲೆ ಏನೂ ಇರಲಿಲ್ಲ.

"ದೀಪದ ಬೆಳಕಿಗೆ ಗಾಜು ಹೊಳೆಯುತ್ತೆ ಅಂತ ಕ್ಯಾಮೆರಾದವನು ಕನ್ನಡಕ ತೆಗೆಸಿಬಿಟ್ಟಿದ್ದ. ನನಗೆ ಆ ನಿರೂಪಕ ಬರೀ ಒಂದು ನೀಲಿ ಮಚ್ಚೆ. ಜನ ಎಲ್ಲ ಮಬ್ಬು. ನೀನು ನಾಲ್ಕನೇ ಸಾಲಿನಲ್ಲಿ ಆನೆ ಕುಣಿಸಿದ್ರೂ ನನಗೆ ಕಾಣ್ತಿರಲಿಲ್ಲ!"

"ಮತ್ತೆ ಅಷ್ಟು ಹೊತ್ತು ಸುಮ್ಮನೆ ನಿಂತಿದ್ದು?"

"ಆ ವಿಶ್ವಕೋಶದ ಪ್ರೂಫ್ ನೋಡಿದ್ದು ಯಾರು? ಮೂವತ್ತು ಹೃದಯ ಅಂತ ಬಿದ್ದಿತ್ತು, ಮೂರು ಅಂತ ತಿದ್ದಿದ್ದು ನಾನೇ. ಯಾವ ಪ್ರಾಣಿಯ ಪುಟ ಅನ್ನೋದು ಜ್ಞಾಪಕಕ್ಕೆ ಬರ್ಬೇಕಲ್ಲ. ಎಡಗಡೆ ಪುಟ, ಕೆಳಗೆ ಚಿತ್ರ, ಚಿತ್ರಕ್ಕೆ ಎಂಟು ಕೈ. ಒಂದು ಕೈ ಅಚ್ಚಾಗಿರಲಿಲ್ಲ, ಅದಕ್ಕೂ ಗುರುತು ಹಾಕಿದ್ದೆ. ಅದು ನೆನಪಾಗೋಕೆ ಇಪ್ಪತ್ತೈದು ಸೆಕೆಂಡು ಹಿಡೀತು."

ನಾನು ನೋಟ್‌ಬುಕ್ಕನ್ನು ಮುಖಕ್ಕೆ ಅಡ್ಡ ಹಿಡಿದೆ. ಹದಿನಾಲ್ಕು ವರ್ಷದಿಂದ ನಡುಕೋಣೆಯಲ್ಲಿ ಆ ಫೋಟೋ ನೋಡುತ್ತಿದ್ದೆ. ಕನ್ನಡಕವಿಲ್ಲದ ಅತ್ತೆ ಲಕ್ಷಣವಾಗಿದ್ದಾಳೆ ಎಂದು ಎಲ್ಲರಂತೆ ನಾನೂ ಅಂದುಕೊಂಡಿದ್ದೆ. ಅವಳಿಗೆ ಏನು ಕಾಣುತ್ತಿತ್ತು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ಇದಕ್ಕೇ ಬಾಯಿ ಮುಚ್ಚಿಕೊಂಡಿದ್ಯಾ ಇಷ್ಟು ವರ್ಷ?" ಅತ್ತೆ ಮೆಲ್ಲಗೆ ಕೇಳಿದಳು. ನಾನು ತಲೆಯಾಡಿಸಿದೆ. ಅವಳು ಎದ್ದು, ಸೋಡಾಗ್ಲಾಸನ್ನು ಸೆರಗಿನಿಂದ ಚೆನ್ನಾಗಿ ಒರೆಸಿ ಹಾಕಿಕೊಂಡು, ಟೀವಿಯ ಹತ್ತಿರ ಹೋಗಿ ಕೂತಳು. "ಹಿಂದೆ ತಿರುಗಿಸಿ."

"ನೀವು ತಟ್ಟೋದು ತೋರಿಸ್ಲಾ?" ಎಂದರು ಮಾಮ.

"ಅದಲ್ಲ. ಆ ಹುಡುಗಿ."

ಮೂರು ಸಲ ನೋಡಿದಳು. ಮೂರನೆಯ ಸಲ ಪರದೆಯ ಮೇಲೆ ನನ್ನ ಜಡೆಯ ಜಾಗದಲ್ಲಿ ಬೆರಳಿಟ್ಟು, "ಇಷ್ಟೊಂದು ಕುಣಿದಿದ್ಯಾ ನನಗೋಸ್ಕರ?" ಎಂದಳು. ದನಿ ಒಂದಿಷ್ಟು ಒದ್ದೆಯಾಗಿತ್ತು.

ತಾತ ಗಂಟಲು ಸರಿಮಾಡಿಕೊಂಡರು. "ಎಲ್ಲ ಸರಿ. ಲೋಟ ತೊಳೆಯೋರು ಯಾರು? ಗುಮಾಸ್ತೆಮ್ಮನ ನೆನಪು ಪೂರ್ತಿ ತಪ್ಪು."

"ಪೂರ್ತಿ ಅಲ್ಲ" ಎಂದಳು ನರ್ಸಕ್ಕ. "ಕುಣಿದಿದ್ದು ನಿಜ. ಇವಳ ಅತ್ತೆ ನನ್ನವರು ಅಂತ ಒಂದು ಮುಖಾನೂ ಇರ್ಲಿಲ್ಲ ಅಂದ್ರಲ್ಲ, ತಪ್ಪು ಅಂದ್ರೆ ಅದು."

ಬಹಳ ಚರ್ಚೆಯಾಗಿ ಇಬ್ಬರೂ ತೊಳೆಯಬೇಕೆಂದು ತೀರ್ಮಾನವಾಯಿತು. ಅಂಗಡಿಯ ಹಿಂದಿನ ನಲ್ಲಿಯ ಬಳಿ ನಾನು ತಿಕ್ಕಿದೆ, ಅತ್ತೆ ಜಾಲಿಸಿದಳು. ನಾಲ್ಕನೇ ಲೋಟ ಕೊಡುವಾಗ ಅವಳು ತೆಗೆದುಕೊಳ್ಳಲಿಲ್ಲ. ತಲೆಯೆತ್ತಿ ನೋಡಿದೆ. ಐವತ್ತೈದು ದಾಟಿದ ಅತ್ತೆ ಒದ್ದೆ ಕೈಗಳನ್ನು ಬೀಸಿ, ಸೊಂಟ ಬಳುಕಿಸಿ, ಕೆನ್ನೆ ಉಬ್ಬಿಸಿ ನಿಂತಿದ್ದಳು. ನೀರು ನನ್ನ ಮುಖಕ್ಕೆಲ್ಲ ಹಾರಿತು.

"ಹೇಳೇ, ಮೂವತ್ತೇ ಸೆಕೆಂಡು" ಎಂದಳು.

"ಆಕ್ಟೋಪಸ್!" ಎಂದೆ. ಒಳಗಿನವರಿಗೂ ಕೇಳುವಷ್ಟು ಜೋರಾಗಿಯೇ ಬಂತು.

ಒಳಗೆ ತಾತ ಮೇಜು ತಟ್ಟಿದರು, ಟಕ್ ಟಕ್ ಟಕ್.